ಕಪ್ಪೆ ಅರಭಟ್ಟನ ತ್ರಿಪದಿಗೆ ಪ್ರಸ್ತಾರ ಹಾಕಿದರೆ ಲೆಕ್ಕ ಕೂಡುತ್ತಿಲ್ಲ

ಗುಳೇದಗುಡ್ಡದ ಮಾಸ್ತರ

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಹತ್ತನೇ ತರಗತಿಯ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಗುಹೆಗಳನ್ನು ಎಲ್ಲರೂ ನೋಡುತ್ತಾರೆ. ಈ ಸಲ ಕೆರೆ ಬಳಸಿ ತಟ್ಟುಕೋಟೆ ಕಡೆ ನಡೆಸಿದೆ, ಕಪ್ಪೆ ಅರಭಟ್ಟ ಅನ್ನೋ ವೀರನನ್ನು ಹೊಗಳುವ ಹಳೆ ಬಂಡೆ ಶಾಸನ ತೋರಿಸೋಣ ಅಂತ. ದಾರಿಯಲ್ಲಿ ಮಂಗ ಒಬ್ಬನ ರೊಟ್ಟಿ ಗಂಟು ಕಿತ್ತುಕೊಂಡು ಹೋಯಿತು, ಅದು ಬೇರೆ ಕಥೆ.

ಸೋಮವಾರ ಶಾಸನದ ಮೂರೂ ತ್ರಿಪದಿಗಳನ್ನು ಬೋರ್ಡಿನ ಮೇಲೆ ಬರೆದು, ಪ್ರಸ್ತಾರ ಹಾಕಿ, ಅಂದರೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಗುರುತು ಹಾಕಿ, ಗಣ ವಿಂಗಡಿಸಿ ಅಂದೆ. ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಮೊದಲನೇ ತ್ರಿಪದಿಯ ಮೊದಲ ಸಾಲಿಗೆ 20 ಮಾತ್ರೆ ಬಂತು. ಉಳಿದೆರಡರ ಮೊದಲ ಸಾಲಿಗೆ 19 ಬರುತ್ತದೆ. ಕೆತ್ತಿದವನು ತಪ್ಪಿದನೋ, ನೀವು ಬರೆಯೋದು ತಪ್ಪಿದಿರೋ?" ಅಂದಳು. ಕ್ಲಾಸೆಲ್ಲ ನಕ್ಕಿತು.

20 ಬಂದ ಸಾಲಿನಲ್ಲೂ ಐದೈದು ಮಾತ್ರೆಗೆ ಗೆರೆ ಹಾಕಲು ಆಗುವುದಿಲ್ಲ. "ಸಾಧುಗೆ" ಅಂದರೆ 4. ಮುಂದಿನ "ಸಾ" ಸೇರಿಸಿದರೆ 6. ಮೊದಲ ಗಣದಲ್ಲೇ ಗಾಡಿ ನಿಂತಿತು. ನಾನು ಬರೆದ ಪಾಠ ಇದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆಱನಲ್ಲ

ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮದರಂತೆ
ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತ
ಮಿಲ್ಲಿ ಸಂಧಿಕ್ಕುಮದು ಬಂದು

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರವಿಚಾರಂ

ಎಲ್ಲಿ ತಪ್ಪಿದೆ, ಬಲ್ಲವರು ಹೇಳಿ. ಗುರುವಾರ ಮತ್ತೆ ಅದೇ ಕ್ಲಾಸಿದೆ, ಅಷ್ಟರೊಳಗೆ ಮರ್ಯಾದೆ ಉಳಿಸಿ.

ಮುಧೋಳದ ಬೇಟೆನಾಯಿ

ಕಪ್ಪೆ ಒಂದೇ ಅಳತೆಯಲ್ಲಿ ಜಿಗಿಯುತ್ತದಾ ಸರ್? ಒಮ್ಮೆ 20, ಒಮ್ಮೆ 19.

ಕೆರೆದಂಡೆ

ನಾನು ಬಾದಾಮಿಯವನೇ. ಪಾಠ ಸರಿಯಾಗಿದೆ. ಒಂದು ವಿಷಯ ಗಮನಿಸಿ. ಕಲ್ಲಿನ ಮೇಲೆ ಇರುವುದು 10 ಸಾಲು. ಅಲ್ಲಿ ಒಂದೊಂದು ತ್ರಿಪದಿಯನ್ನೂ ಎರಡೆರಡು ಸಾಲಿನಲ್ಲಿ ಕೆತ್ತಿದ್ದಾರೆ. ಒಂಬತ್ತನೇ ಸಾಲು "ಕಲಿಗೆ ವಿ" ಅಂತ ಮುಗಿದು, "ಪರೀತಂಗೆ" ಹತ್ತನೆಯದಕ್ಕೆ ಹೋಗಿದೆ. ಜಾಗ ಮುಗಿದಲ್ಲಿ ಸಾಲು ಮುಗಿಯಿತು, ಅಷ್ಟೇ. ಮೂರು ಸಾಲಾಗಿ ಬಿಡಿಸಿ ಬರೆಯೋದು ನಮ್ಮ ಕೆಲಸ.

ಎಲ್ಲಿ ಬಿಡಿಸಬೇಕು ಅನ್ನೋದನ್ನು ಪ್ರಾಸವೇ ಹೇಳುತ್ತದೆ. ಸಾಧು, ಬಾಧಿಪ್ಪ, ಮಾಧವ. ಎರಡನೇ ಅಕ್ಷರ ನೋಡಿ, ಮೂರೂ ಕಡೆ ಧ. ಕಟ್ಟಿದ, ಬಿಟ್ಟವೋಲ್, ಕೆಟ್ಟರ್. ಮೂರೂ ಕಡೆ ಟ್ಟ. ಮಧ್ಯದ್ದರಲ್ಲಿ ಮಾತ್ರ ಒಳ್ಳಿತ್ತ, ಬಲ್ಲಿತ್ತು, ಇಲ್ಲಿ ಅಂತ ಳ ಮತ್ತು ಲ ಬೆರೆತಿವೆ. ಕಿವಿಗೆ ಹತ್ತಿರ, ನಡೆಯುತ್ತದೆ.

ಮಾತ್ರೆ ಲೆಕ್ಕ ಯಾಕೆ ಕೂಡಲಿಲ್ಲ ಅನ್ನೋದು ನನಗೂ ಹೊಳೆಯುತ್ತಿಲ್ಲ. ಕಲ್ಲೋದುಗ ಸರ್ ಬರಲಿ.

ಹೆಮ್ಮೆಯ ಕನ್ನಡಿಗ ವಿಜಯಪುರ

ಕನ್ನಡದ ಮೊಟ್ಟಮೊದಲ ಪದ್ಯ ಇದು! ಆಗ ಬೇರೆ ಭಾಷೆಗಳು ಇನ್ನೂ ತೊಟ್ಟಿಲಲ್ಲಿದ್ದವು. ಎಲ್ಲರೂ ಶೇರ್ ಮಾಡಿ!

ಕೆರೆದಂಡೆ

ತಮ್ಮಾ, ಸ್ವಲ್ಪ ತಡಿ. ಈ ಶಾಸನದಲ್ಲಿ ತೇದಿಯೇ ಇಲ್ಲ, ಯಾವ ರಾಜನ ಹೆಸರೂ ಇಲ್ಲ. ಅಕ್ಷರದ ರೂಪ ನೋಡಿ ಸುಮಾರು ಕ್ರಿ.ಶ. 700 ಅನ್ನುತ್ತಾರೆ. ಹೆಚ್ಚುಕಡಿಮೆ ಅದೇ ಕಾಲದ ಶ್ರವಣಬೆಳಗೊಳದ "ಸುರಚಾಪಂಬೋಲೆ" ಕೂಡ ಕನ್ನಡ ಪದ್ಯವೇ, ಆದರೆ ಅದು ಮಹಾಸ್ರಗ್ಧರಾ ವೃತ್ತದಲ್ಲಿದೆ. ನಮ್ಮ ಕಪ್ಪೆ ಅರಭಟ್ಟನ ಹೆಚ್ಚುಗಾರಿಕೆ ಅಂದರೆ ತ್ರಿಪದಿ. ಅಷ್ಟು ಸಾಕಲ್ವಾ? ತೊಟ್ಟಿಲು ಗಿಟ್ಟಿಲು ಯಾಕೆ ಬೇಕು.

ಕಲ್ಲೋದುಗ ಬೆಳಗಾವಿ

ಮಾಸ್ತರೇ, ಹುಡುಗಿಗೆ ಮೊದಲು ಶಾಬಾಸ್ ಹೇಳಿ. ಅವಳು ಎಣಿಸಿದ್ದು ಸರಿಯಾಗಿಯೇ ಇದೆ. ತಪ್ಪಿರುವುದು ಅಳತೆಗೋಲು. ನೀವು ಸೇರಿನಲ್ಲಿ ಬಟ್ಟೆ ಅಳೆಯಲು ಹೊರಟಿದ್ದೀರಿ.

ಶಾಲೆಯಲ್ಲಿ ಕಂದ, ಷಟ್ಪದಿ ಮಾಡಿಸಿ ಮಾಡಿಸಿ ಕೈಗೆ ಮಾತ್ರೆ ಎಣಿಸೋ ಚಟ ಹತ್ತಿರುತ್ತದೆ. ಈ ತ್ರಿಪದಿ ನಡೆಯುವುದು ಅಂಶಗಣದ ಮೇಲೆ. ನಿಯಮ ಸಣ್ಣದು. ಎರಡು ಅಂಶಕ್ಕೆ ಬ್ರಹ್ಮಗಣ, ಮೂರಕ್ಕೆ ವಿಷ್ಣುಗಣ, ನಾಲ್ಕಕ್ಕೆ ರುದ್ರಗಣ. ಗಣದ ಮೊದಲ ಅಂಶ ಒಂದು ಗುರು. ಅಲ್ಲಿ ಲಘು ಬಂತೋ, ಅದು ಪಕ್ಕದ ಅಕ್ಷರವನ್ನೂ ಎಳೆದುಕೊಂಡು ಎರಡೂ ಸೇರಿ ಒಂದೇ ಅಂಶ. ಆಮೇಲಿನ ಅಂಶಗಳಿಗೆ ಒಂದೊಂದೇ ಅಕ್ಷರ. ಅದು ಗುರುವೋ ಲಘುವೋ ಯಾರೂ ಕೇಳುವುದಿಲ್ಲ.

ತ್ರಿಪದಿಗೆ ಒಟ್ಟು 11 ಗಣ. ಸಾಲಿಗೆ 4, 4, 3. ಅದರಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮ, ಉಳಿದ 9 ವಿಷ್ಣು. ಈಗ ಗೆರೆ ಹಾಕೋಣ:

ಸಾಧುಗೆ / ಸಾಧು ಮಾ / ಧುರ್ಯಂಗೆ / ಮಾಧುರ್ಯಂ
ಬಾಧಿಪ್ಪ / ಕಲಿಗೆ / ಕಲಿಯುಗ / ವಿಪರೀತನ್
ಮಾಧವ / ನೀತನ್ / ಪೆಱನಲ್ಲ

ಮೊದಲ ಸಾಲು ನೋಡಿ. ಸಾ-ಧು-ಗೆ ಮೂರು ಅಂಶ, ಮಾ-ಧುರ್-ಯಂ ಕೂಡ ಮೂರೇ ಅಂಶ. ಮಾತ್ರೆಯಲ್ಲಿ ಒಂದು 4, ಇನ್ನೊಂದು 6. ಅಂಶದಲ್ಲಿ ಎರಡೂ ಸಮ. ಎರಡನೇ ಸಾಲಿನ "ಕಲಿಗೆ"ಯಲ್ಲಿ ಕ ಲಘು, ಹಾಗಾಗಿ ಕಲಿ ಸೇರಿ ಒಂದಂಶ, ಗೆ ಇನ್ನೊಂದು. ಬ್ರಹ್ಮಗಣ. ಅದು ಸರಿಯಾಗಿ 6ನೇ ಜಾಗದಲ್ಲೇ ಕೂತಿದೆ. "ನೀತನ್" 10ನೇ ಜಾಗದಲ್ಲಿ. ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ.

ಉಳಿದೆರಡನ್ನು ನಾನು ಮಾಡಿಕೊಡುವುದಿಲ್ಲ. ಹುಡುಗರೇ ಮಾಡಲಿ. "ಪುರಾಕೃತ" ಹತ್ತಿರ ಒದ್ದಾಡುತ್ತಾರೆ. ಪು ಲಘು, ರಾ ಗುರು, ಎರಡೂ ಸೇರಿ ಒಂದೇ ಅಂಶ ಅಂತ ಹೇಳಿಬಿಡಿ.

ಗುಳೇದಗುಡ್ಡದ ಮಾಸ್ತರ

ಸರ್, ನಾನೂ ಬಿಎಡ್ಡಿನಲ್ಲಿ ಅಂಶಗಣ ಓದಿದ್ದೆ. ಪರೀಕ್ಷೆ ಮುಗಿದ ದಿನವೇ ಮರೆತಿದ್ದೆ, ಒಪ್ಪಿಕೊಳ್ಳುತ್ತೇನೆ. ಈಗಷ್ಟೇ ಕೂತು ಉಳಿದೆರಡಕ್ಕೂ ಗೆರೆ ಹಾಕಿದೆ. ಕೂಡಿತು! ಎರಡೂ ಕೂಡಿತು!

ಒಂದು ಅನುಮಾನ. ಕೆಲವು ಪುಸ್ತಕದಲ್ಲಿ "ಕೆಯ್ವೊರಾರ್" ಇದೆ, ಇನ್ನು ಕೆಲವರು "ಕೆಯ್ವೋರಾರ್" ಬರೆಯುತ್ತಾರೆ. ಯಾವುದು ಸರಿ? ದೀರ್ಘ ಮಾಡಿದರೆ ಆ ಸಾಲೂ 20 ಮಾತ್ರೆ ಆಗುತ್ತದೆ, ಅದಕ್ಕೇ ಕೇಳಿದೆ.

ಕಲ್ಲೋದುಗ ಬೆಳಗಾವಿ

ಒಳ್ಳೆ ಪ್ರಶ್ನೆ. ಆ ಕಾಲದ ಬರವಣಿಗೆಯಲ್ಲಿ ಎ-ಏ, ಒ-ಓ ಬೇರೆ ಬೇರೆ ತೋರಿಸುತ್ತಿರಲಿಲ್ಲ. ಎರಡಕ್ಕೂ ಒಂದೇ ಗುರುತು. ಕಲ್ಲಿನ ಮೇಲೆ ವೊ ಇದೆಯೋ ವೋ ಇದೆಯೋ ಅಂತ ಭೂತಗನ್ನಡಿ ಹಿಡಿದು ನೋಡಿದರೂ ಗೊತ್ತಾಗುವುದಿಲ್ಲ. ಓದಿದವರು ತಮ್ಮ ತಿಳಿವಳಿಕೆಯಂತೆ ದೀರ್ಘ ಹಾಕುತ್ತಾರೆ, ಬಿಡುತ್ತಾರೆ. ಅಂದರೆ ನಿಮ್ಮ ಹುಡುಗಿ ಎಣಿಸಿದ 19 ಇದೆಯಲ್ಲ, ಅದರಲ್ಲಿ ಅರ್ಧ ಪಾಲು ಪುಸ್ತಕ ಅಚ್ಚು ಹಾಕಿದವರದು.

ಅಂಶ ಲೆಕ್ಕದ ಚೆಂದ ಇಲ್ಲೇ ಇದೆ. ಕೆಯ್-ವೊ-ರಾರ್ ಅನ್ನಿ, ಕೆಯ್-ವೋ-ರಾರ್ ಅನ್ನಿ, ಮೂರೇ ಅಂಶ. ಹ್ರಸ್ವ ದೀರ್ಘದ ಜಗಳ ಛಂದಸ್ಸಿಗೆ ತಟ್ಟುವುದೇ ಇಲ್ಲ. ಹಾಡುವವರು ಎಳೆಯಬೇಕಾದಲ್ಲಿ ಎಳೆಯುತ್ತಾರೆ, ಒತ್ತಬೇಕಾದಲ್ಲಿ ಒತ್ತುತ್ತಾರೆ. ಇದು ಬಾಯಿಯ ಛಂದಸ್ಸು, ಹಲಗೆಯ ಮೇಲಿನದಲ್ಲ. ನನ್ನ ಕೇಳಿದರೆ, ಹಳೆಯ ತ್ರಿಪದಿಗೆ ಮಾತ್ರೆ ಎಣಿಸಿ "ದೋಷ" ಅಂತ ಷರಾ ಬರೆಯುವವರು ಒಮ್ಮೆಯೂ ಅದನ್ನು ಹಾಡು ಕೇಳಿದವರಲ್ಲ.

ಇಂಡಿ ಲಿಂಬಿಕಾಯಿ

ಸರ್, ನಾನು ಶಾಸನ ಓದಿದವಳಲ್ಲ, ಸುಮ್ನೆ ಇಲ್ಲಿ ಬಂದು ಓದುತ್ತಾ ಇರುತ್ತೇನೆ. ನೀವು ಗೆರೆ ಹಾಕಿದ ಸಾಲನ್ನು ಬಾಯಲ್ಲಿ ಅಂದು ನೋಡಿದೆ. ಮೈ ಜುಮ್ ಅಂತು. ಇದು ನಮ್ಮ ಆಯಿ ಬೀಸುವಾಗ ಹಾಡುತ್ತಿದ್ದ ಧಾಟಿಯೇ ಅಲ್ವಾ?

ನಮ್ಮ ಮನೆಯ ಬೀಸುಕಲ್ಲು ಅಡುಗೆಮನೆ ಮೂಲೆಯಲ್ಲಿತ್ತು. ನಸುಕಿನಲ್ಲಿ ಆಯಿ ಮತ್ತು ದೊಡ್ಡವ್ವ ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಿದ್ದರು. ಆಯಿ ಮೊದಲ ಸಾಲು ಎತ್ತುತ್ತಿದ್ದಳು. ದೊಡ್ಡವ್ವ ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಒಂದು ಹಿಡಿ ಜೋಳ ಹಾಕಿ, ಮತ್ತೆ ಅದೇ ಮಾತು ಹಿಡಿದು ಮೂರನೇ ಸಾಲಿಗೆ ಸೇರಿಸುತ್ತಿದ್ದಳು. ಜೋಳ ಹಾಕುವಷ್ಟು ಹೊತ್ತು ಹಾಡು ಕಾಯುತ್ತಿತ್ತು. ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ.

"ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ" ಎಲ್ಲರಿಗೂ ಗೊತ್ತಿರುವುದೇ. ಇದಕ್ಕೂ ಗೆರೆ ಹಾಕಬಹುದಾ ಸರ್?

ಕಲ್ಲೋದುಗ ಬೆಳಗಾವಿ

ಅಕ್ಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಬೆಳಗಾಗಿ / ನಾನೆದ್ದು / ಯಾರ್ಯಾರ / ನೆನೆಯಲಿ. ನಾಲ್ಕೂ ವಿಷ್ಣುಗಣ. "ಸಾಧುಗೆ ಸಾಧು" ಸಾಲಿನ ಪಕ್ಕಕ್ಕಿಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಮುಂದಿನ ಸಾಲುಗಳಲ್ಲಿ ಊರಿಗೊಂದು ಪಾಠ ಇದೆ. ಗಣ ಕೆಲವು ಕಡೆ ಜಾರುತ್ತವೆ, ರಾಗ ಅದನ್ನು ತುಂಬಿಕೊಳ್ಳುತ್ತದೆ. ನಿಮ್ಮ ದೊಡ್ಡವ್ವ ಜೋಳ ಹಾಕುತ್ತಾ ನಿಲ್ಲಿಸುತ್ತಿದ್ದಳಲ್ಲ, ಆ ಜಾಗ ಎರಡನೇ ಸಾಲಿನ ಕೊನೆಯ ಕಡೆಯದೇ ಇರಬೇಕು.

ಆದರೆ ಒಂದು ಎಚ್ಚರಿಕೆ. ಕಲ್ಲಿನ ಮೇಲೆ ಇದೆ ಅಂದ ಮಾತ್ರಕ್ಕೆ ಅದರಿಂದ ಬೀಸುವ ಹಾಡು ಹುಟ್ಟಿತು ಅಂತ ಹೇಳಲು ಆಗುವುದಿಲ್ಲ. ಹಾಡು ಮೊದಲೇ ಇತ್ತು, ಯಾರೋ ಅದೇ ಮಟ್ಟಿನಲ್ಲಿ ಈ ಪದ್ಯ ಕಟ್ಟಿದರು ಅನ್ನೋದೇ ನನಗೆ ಸಹಜವಾಗಿ ಕಾಣುತ್ತದೆ. ಇಷ್ಟು ಪಳಗಿದ ತ್ರಿಪದಿ ಒಂದೇ ದಿನಕ್ಕೆ ಬಂಡೆ ಮೇಲೆ ಉದುರುವುದಿಲ್ಲ. ಕವಿರಾಜಮಾರ್ಗ ಬಂದಿದ್ದು ಇದಾಗಿ ಸುಮಾರು 150 ವರ್ಷಕ್ಕೆ, ಛಂದಸ್ಸಿನ ಲಕ್ಷಣ ಹೇಳುವ ನಾಗವರ್ಮನ ಛಂದೋಂಬುಧಿ ಅದಕ್ಕೂ 100 ವರ್ಷ ಚಿಲ್ಲರೆ ಆದಮೇಲೆ. ಲಕ್ಷಣ ಬರೆಯುವವರು ಯಾವತ್ತೂ ತಡವಾಗಿಯೇ ಬರುತ್ತಾರೆ.

ಮುಧೋಳದ ಬೇಟೆನಾಯಿ

ಕವಿರಾಜಮಾರ್ಗದ ಮಾತು ಬಂತು ಅಂದಮೇಲೆ ಹೇಳಲೇಬೇಕು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಇವುಗಳ ನಡುವಿನ ನಾಡೇ "ಕನ್ನಡದ ತಿರುಳ್" ಅಂದಿದ್ದಾನೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ನಮ್ಮ ಜಿಲ್ಲೆ. ನಮ್ಮ ರನ್ನನ ಊರು ಮುಧೋಳವೂ ನಮ್ಮ ಜಿಲ್ಲೆ. ಬೆಳಗಾವಿಯವರು ಸ್ವಲ್ಪ ಸರಿದು ಕೂಡಬೇಕು.

ಬೈಲಹೊಂಗಲ ಬೆಲ್ಲ

ಒಂಕುಂದ ಯಾರದು ಅಣ್ಣಾ? ಒಕ್ಕುಂದ ನಮ್ಮ ತಾಲೂಕು. ನೀವೇ ಸರಿದು ಕೂಡಿ.

ಕೆರೆದಂಡೆ

ಇಬ್ಬರೂ ಕೂತಲ್ಲೇ ಇರಿ. ವಿಷಯಕ್ಕೆ ಬರೋಣ.

ನನಗೆ ಯಾವಾಗಲೂ ಕಾಡುವುದು ಆ ನಡುವಿನ ಸಂಸ್ಕೃತ ಶ್ಲೋಕ. ತ್ರಿಪದಿಗಳಿಗೆ ಮೊದಲು ಬರುತ್ತದಲ್ಲ, "ವರಂ ತೇಜಸ್ವಿನೋ ಮೃತ್ಯುಃ" ಅಂತ. ತೇಜಸ್ವಿಗೆ ಮಾನ ಹೋಗುವುದಕ್ಕಿಂತ ಸಾವೇ ವಾಸಿ, ಸಾವಿನ ದುಃಖ ಒಂದು ಕ್ಷಣದ್ದು, ಮಾನಭಂಗದ್ದು ದಿನಾ ದಿನಾ. ಅದು ಅನುಷ್ಟುಪ್, ಪಾದಕ್ಕೆ 8 ಅಕ್ಷರ. ಕೆತ್ತಿಸಿದವನು ಎರಡೂ ಭಾಷೆ ಬಲ್ಲವನು. ಮಾನದ ಮಾತನ್ನು ಸಂಸ್ಕೃತದಲ್ಲಿ ಆಡಿ, ಮನುಷ್ಯನ ವಿಷಯ ಬಂದಾಗ ಕನ್ನಡಕ್ಕೆ ತಿರುಗಿದ. ಕೊನೆಯ ತ್ರಿಪದಿಯಂತೂ ಎದುರಿಗೆ ನಿಂತು ಬೈದ ಹಾಗಿದೆ. ಕಟ್ಟಿದ ಸಿಂಹವನ್ನು "ನಮಗೇನು ಕೆಡುತ್ತದೆ" ಅಂತ ಬಿಟ್ಟರಂತೆ, ಹಾಗೆ ಇವನ ಹಗೆಗಳು ವಿಚಾರ ಇಲ್ಲದೆ ಕೆಟ್ಟರು, ಇಲ್ಲವೇ ಸತ್ತರು. ನಮ್ಮ ಕಡೆ ಜಗಳದಲ್ಲಿ ಈಗಲೂ ಇದೇ ಧಾಟಿ.

ಇದನ್ನೇ ಐಹೊಳೆಯ ಮೇಗುಟಿ ಗುಡಿಯ ಶಾಸನಕ್ಕೆ ಹೋಲಿಸಿ. ಅಲ್ಲಿ ಶಕ 556, ಅಂದರೆ ಕ್ರಿ.ಶ. 634. ರವಿಕೀರ್ತಿ 37 ಪದ್ಯಗಳಲ್ಲಿ ಇಮ್ಮಡಿ ಪುಲಿಕೇಶಿಯ ದಿಗ್ವಿಜಯ ಹೇಳುತ್ತಾನೆ, ಪೂರ್ತಿ ಸಂಸ್ಕೃತ. ಅರಮನೆಯ ಬರವಣಿಗೆ. ಹರ್ಷವರ್ಧನ ಸೋತಿದ್ದನ್ನು ಹೇಳುವಾಗ ಭಯದಿಂದ ಹರ್ಷನ ಹರ್ಷವೇ ಕರಗಿತು ಅಂತ ಶ್ಲೇಷೆ ಬೇರೆ.

ಬೈಲಹೊಂಗಲ ಬೆಲ್ಲ

ರವಿಕೀರ್ತಿ ತನ್ನನ್ನೂ ಬಿಟ್ಟಿಲ್ಲ. ಕಾಳಿದಾಸ ಭಾರವಿಗಳ ಕೀರ್ತಿ ಪಡೆದವನು ತಾನು ಅನ್ನುತ್ತಾನೆ, "ಕಾಳಿದಾಸಭಾರವಿಕೀರ್ತಿಃ". ಅದನ್ನು ನಿಧಾನಕ್ಕೆ ಓದಿ. ಭಾ-ರವಿಕೀರ್ತಿ. ಭಾರವಿಯ ಹೆಸರಿನೊಳಗೆ ತನ್ನ ಹೆಸರು ತೂರಿಸಿದ್ದಾನೆ! ಜಂಬ ಅಂದರೆ ಹೀಗಿರಬೇಕು. ಆದರೆ ಈ ಜಂಬದಿಂದ ಲಾಭವೂ ಆಯಿತು. 634 ರೊಳಗೆ ಕಾಳಿದಾಸ, ಭಾರವಿ ಇಬ್ಬರೂ ಹೆಸರಾಗಿದ್ದರು ಅನ್ನೋದಕ್ಕೆ ಕಲ್ಲಿನಷ್ಟು ಗಟ್ಟಿ ಸಾಕ್ಷಿ ಸಿಕ್ಕಿತು.

ಹೊಸಬ ಜಮಖಂಡಿ

ನಾನೂ ಹೋದ ವರ್ಷ ಕಪ್ಪೆ ಅರಭಟ್ಟ ನೋಡಲು ಹೋಗಿದ್ದೆ. ಅಕ್ಷರ ಸರಿಯಾಗಿ ಕಾಣಲಿಲ್ಲ. ಮುಂದಿನ ಸಲ ಸೀಮೆಸುಣ್ಣ ತಿಕ್ಕಿ ಫೋಟೋ ತೆಗೆಯಬೇಕು ಅಂದುಕೊಂಡಿದ್ದೇನೆ. ಚೆನ್ನಾಗಿ ಬರುತ್ತದಾ?

ಕೆರೆದಂಡೆ

ಮಾರಾಯಾ, ಬೇಡ! ಕೈ ಮುಗಿಯುತ್ತೇನೆ. ತಿಕ್ಕಿದರೆ ಅಕ್ಷರದ ಅಂಚು ಸವೆಯುತ್ತದೆ. ಮೇಲಾಗಿ ನೀನು ಸುಣ್ಣ ಎಳೆದಿದ್ದೇ ಮುಂದಿನವರಿಗೆ ಅಕ್ಷರ ಆಗಿಬಿಡುತ್ತದೆ, ಬಿರುಕೂ ಕೊಂಬೂ ಒಂದೇ ಆಗುತ್ತವೆ.

ಮಧ್ಯಾಹ್ನ ನೆತ್ತಿ ಬಿಸಿಲಲ್ಲಿ ಹೋದರೆ ಯಾವ ಶಾಸನವೂ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿಕೊಂಡು ಹೋಗು. ಇಲ್ಲದಿದ್ದರೆ ಕತ್ತಲಾಗುವ ಹೊತ್ತಿಗೆ ಮೊಬೈಲ್ ಟಾರ್ಚನ್ನು ಬಂಡೆಗೆ ತಾಗುವ ಹಾಗೆ ಪಕ್ಕದಿಂದ ಹಿಡಿ. ಎದುರಿಂದ ಹಿಡಿಯಬೇಡ. ಗೀರಿನೊಳಗೆ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ನಾನು ಮೊದಲ ಸಲ "ಪೆಱನಲ್ಲ"ದ ಱ ನೋಡಿದ್ದು ಹಾಗೆಯೇ. ಈ ಹಳಗನ್ನಡದ ಅಕ್ಷರ, ಶಕಟರೇಫೆ, ಪುಸ್ತಕದಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ.

ಕಲ್ಲೋದುಗ ಬೆಳಗಾವಿ

ನಮ್ಮೂರ ಒಂದು ವೀರಗಲ್ಲಿನ ಗತಿ ಹೇಳುತ್ತೇನೆ. ಕೆಳಗೆ ನಾಲ್ಕು ಸಾಲು ಬರಹ ಇತ್ತು. ನಾನು ಚಿಕ್ಕವನಿದ್ದಾಗ ಎರಡು ಸಾಲು ಕೈಯಿಂದ ತಡವಿ ಓದಲು ಬರುತ್ತಿತ್ತು. ಜಾತ್ರೆ ಬಂದಾಗೆಲ್ಲ ಭಕ್ತಿಯಿಂದ ಆಯಿಲ್ ಪೇಂಟ್ ಬಳಿದರು. ಒಂದು ವರ್ಷ ಹಸಿರು, ಒಂದು ವರ್ಷ ಕೇಸರಿ. ಈಗ ಗುಳಿಗಳೆಲ್ಲ ತುಂಬಿ ಕಲ್ಲು ಕನ್ನಡಿಯ ಹಾಗೆ ನುಣ್ಣಗಿದೆ. ಯಾರಿಗೆ ಬೈಯೋದು? ಬಳಿದವರಲ್ಲಿ ನಮ್ಮ ಕಾಕಾನೂ ಒಬ್ಬ.

ಪಡಿಯಚ್ಚು ತೆಗೆಯೋದು ಬೇರೆ ವಿದ್ಯೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಹದವಾಗಿ ಬಡಿಯಬೇಕು. ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಆಮೇಲೆ ಮೇಲಿಂದ ಮಸಿಯ ಉಂಡೆ ಒತ್ತಿದರೆ ನೆಲವೆಲ್ಲ ಕಪ್ಪು, ಅಕ್ಷರ ಬಿಳಿ. ಫ್ಲೀಟ್ ಸಾಹೇಬ 1881 ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಈ ಕಪ್ಪೆ ಅರಭಟ್ಟನ ಶಾಸನ ಪ್ರಕಟಿಸಿದ. ಆಗಿನಿಂದ ಜನ ಅದರ ಮೇಲೆ ವಾದ ಮಾಡುತ್ತಲೇ ಇದ್ದಾರೆ. ರಕ್ಷಿತ ಸ್ಮಾರಕದ ಮೇಲೆ ನಾವು ನೀವು ಅನುಮತಿ ಇಲ್ಲದೆ ಇದನ್ನು ಮಾಡುವ ಹಾಗಿಲ್ಲ. ಟಾರ್ಚೇ ಸಾಕು.

ಹೊಸಬ ಜಮಖಂಡಿ

ಸರಿ ಸರ್, ಸುಣ್ಣ ಕೈಬಿಟ್ಟೆ. ಇನ್ನೊಂದು ಕೇಳುತ್ತೇನೆ, ಬೈಯಬೇಡಿ. ಎರಡನೇ ತ್ರಿಪದಿಯಲ್ಲಿ "ಬಲ್ಲಿತ್ತು ಕಲಿಗೆ" ಅಂತ ಇದೆ. ಕಲಿ ಅಂದರೆ ವೀರ ಅಲ್ವಾ? ವೀರನಿಗೆ ಬಲ್ಲಿತ್ತು ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಯಾರೋ ಒಬ್ಬರು ಕಲಿ ಅಂದರೆ ಕಲಿಕಾಲ ಅಂದರು.

ಕಲ್ಲೋದುಗ ಬೆಳಗಾವಿ

ಬೈಯುವುದೇನಿದೆ. ಕಲಿಗೆ ಎರಡೂ ಅರ್ಥ ಇದೆ. ನಾನೂ ಬಹಳ ದಿನ ನಿನ್ನ ಹಾಗೆಯೇ ಓದುತ್ತಿದ್ದೆ. ನಾಳೆ ವಿವರವಾಗಿ ಬರೆಯುತ್ತೇನೆ, ಈಗ ಕರೆಂಟ್ ಹೋಗಿದೆ.

ಗುಳೇದಗುಡ್ಡದ ಮಾಸ್ತರ

ಸರ್, ನೀವು ಬರೆಯುವ ಮೊದಲು ಇದನ್ನು ಓದಿ. ಇವತ್ತು ಗುರುವಾರದ ಕ್ಲಾಸು ಮುಗಿಸಿ ಬಂದೆ.

ಅಂಶಗಣ ಹೇಳಿಕೊಟ್ಟೆ. ಮೊದಲು ಬಾಯಿಪಾಠ ಮಾಡಿಸಿ, ಆಮೇಲೆ ಬೆಂಚು ತಟ್ಟಿಸಿದೆ, ಗಣಕ್ಕೊಂದು ಏಟು. ಪಕ್ಕದ ಕ್ಲಾಸಿನವರು ಬಂದು ಏನು ಗದ್ದಲ ಅಂದರು. ಮೂರೂ ತ್ರಿಪದಿ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಗೆರೆ ಹಾಕಿ ನಿಲ್ಲಿಸಿದೆವು. ಅದೇ ಹುಡುಗಿ, 19 ಎಣಿಸಿದವಳು, ಮತ್ತೆ ಎದ್ದಳು. "ಸರ್, 6ನೇ ಮನೆಯಲ್ಲಿ ಮೂರು ಸಲವೂ ಒಂದೇ ಮಾತಿದೆ" ಅಂದಳು.

ನೋಡಿದೆ. ಬಾಧಿಪ್ಪ / ಕಲಿಗೆ. ಬಲ್ಲಿತ್ತು / ಕಲಿಗೆ. ಬಿಟ್ಟವೋಲ್ / ಕಲಿಗೆ. ಮೂರು ಪದ್ಯದ ಬ್ರಹ್ಮಗಣದಲ್ಲೂ ಕಲಿಗೆ! ಮೂರರಲ್ಲೂ ಅದರ ಹಿಂದೆಯೇ ವಿಪರೀತ ಬರುತ್ತದೆ, ಮೊದಲನೆಯದರಲ್ಲಿ ಮಾತ್ರ ನಡುವೆ ಕಲಿಯುಗ ಇದೆ. ಇಷ್ಟು ವರ್ಷ ಓದಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಲ್ಲೋದುಗ ಬೆಳಗಾವಿ

ಮಾಸ್ತರೇ, ಜಮಖಂಡಿಯವರಿಗೆ ನಾನು ಬರೆಯಬೇಕು ಅಂದಿದ್ದನ್ನು ನಿಮ್ಮ ಹುಡುಗಿ ಹೇಳಿಬಿಟ್ಟಳು. "ಕಲಿಗೆ ವಿಪರೀತ" ಒಟ್ಟಿಗೆ ಹೋಗುವ ಮಾತು. ಕಲಿಗೆ, ಅಂದರೆ ಕಲಿಕಾಲಕ್ಕೆ, ಎದುರಾದವನು. ಶಾಸನದ ಶುರುವಿನಲ್ಲೇ "ಕಲಿಯುಗವಿಪರೀತನ್" ಅಂತ ಬಿರುದಿನ ಹಾಗೆ ಬಂದಿದೆ, ಅದನ್ನೇ ಹಾಡಿನ ಪಲ್ಲವಿಯ ಹಾಗೆ ಮತ್ತೆ ಮತ್ತೆ ಅದೇ ಜಾಗಕ್ಕೆ ತಂದಿದ್ದಾನೆ. ಹಾಗಾಗಿ "ಬಲ್ಲಿತ್ತು"ವನ್ನು ಕಲಿಗೆ ಅಂಟಿಸುವುದಕ್ಕಿಂತ, ಕಲಿಗೆಯನ್ನು ವಿಪರೀತಕ್ಕೆ ಅಂಟಿಸುವುದೇ ಸರಿ. ಕಲ್ಲಿನ ಮೇಲೆ 7ನೇ ಸಾಲು "ಕಲಿಗೆ" ಅಂತ ಮುಗಿಯುತ್ತದೆ, ವಿಪರೀತ ಮುಂದಿನ ಸಾಲಿಗೆ. ನೋಡುವ ಕಣ್ಣಿಗೆ ಅಲ್ಲಿ ಬಿರುಕು ಕಾಣುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಇಂಡಿ ಲಿಂಬಿಕಾಯಿ

ಜೋಳ ಹಾಕುವ ಜಾಗದಲ್ಲಿ ದೊಡ್ಡವ್ವನೂ ಹೀಗೆಯೇ ಒಂದೇ ಮಾತನ್ನು ತಿರುಗಿ ತಿರುಗಿ ತರುತ್ತಿದ್ದಳು ಸರ್. ಅವಳದು "ತವರೂರ" ಅಂತ.

ಕೆರೆದಂಡೆ

ಆ ಹುಡುಗಿಯನ್ನು ಕರೆದುಕೊಂಡು ಬನ್ನಿ ಮಾಸ್ತರೇ, ಅವರ ಮನೆಯವರೂ ಬರಲಿ. ರವಿವಾರ ಬೆಳಿಗ್ಗೆ 7ಕ್ಕೆ ಐಹೊಳೆಯ ಮೇಗುಟಿ ಗುಡ್ಡದ ಕೆಳಗೆ ಸೇರೋಣ. ರವಿಕೀರ್ತಿಯ ಶಾಸನ ಪೂರ್ವದ ಗೋಡೆಯಲ್ಲಿದೆ, ಬೆಳಗಿನ ಬಿಸಿಲಿಗೇ ಓದಬೇಕು. ಮೆಟ್ಟಿಲು ಹತ್ತಬೇಕಾಗುತ್ತದೆ, ನೀರು ನೀವೇ ತನ್ನಿ. ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆಯಿಂದ. ಬರುವವರು ಇಲ್ಲೇ ತಿಳಿಸಿ, ಎಷ್ಟು ರೊಟ್ಟಿ ಬಡಿಸಬೇಕು ಅಂತ ಮನೆಯಲ್ಲಿ ಹೇಳಬೇಕು.

ಹೊಸಬ ಜಮಖಂಡಿ

ನಾನು ಬರುತ್ತೇನೆ. ಬರಿಗೈಯಲ್ಲಿ, ಸುಣ್ಣ ಇಲ್ಲದೆ.